ಸಹಿ ಹಾಕ್ಬಿಟ್ಟಿದ್ದೀವಿ, ಇನ್ನೇನೂ ಮಾಡಕ್ಕಾಗಲ್ವಾ? ಕೋಚಿಂಗ್ ಫೀ, ಫೈನಾನ್ಸ್ ಲೋನ್ ಮತ್ತೆ ಒಂದೇ ಕಡೆ ವಾಲಿದ ಷರತ್ತುಗಳು

ಪ್ರಶ್ನೆ: ನಮಸ್ಕಾರ್ರೀ ಸರ್. ನಾವು ಮೂಲ ಇಂಡಿ ಕಡೆಯವ್ರು, ಈಗ ಪುಣೆದಾಗ ಚಿಂಚವಡದಾಗ ಅದೀವಿ, ನಾನು ಭೋಸರಿ ಎಂಐಡಿಸಿಯಾಗ ಕೆಲ್ಸ ಮಾಡ್ತೀನಿ. ಮಗಳು ಬಾರಾವಿ, ಅಂದ್ರ ನಮ್ಮ ಕಡೆ ಸೆಕೆಂಡ್ ಪಿಯುಸಿ. ಆಕಿನ್ನ ಒಂದು ಕೋಚಿಂಗ್ ಕ್ಲಾಸಿಗೆ ಹಚ್ಚಿದ್ವಿ, ಹನ್ನೆರಡು ತಿಂಗಳ ಕೋರ್ಸು, ಫೀ 1,65,000 ರೂ. ಕೈಯಿಂದ 25,000 ಕೊಟ್ವಿ, ಉಳಿದ 1,40,000ಕ್ಕ ಅವ್ರೇ ಒಂದು ಫೈನಾನ್ಸ್ ಕಂಪನಿಯಿಂದ ಲೋನ್ ಮಾಡಿಸ್ಕೊಟ್ರು, ತಿಂಗಳಿಗೆ 14,000 ಹಂಗ ಹತ್ತು ಕಂತು. ಮೂರು ತಿಂಗಳಾದ ಮ್ಯಾಲೆ ಚಿಂಚವಡದ ಬ್ರಾಂಚ್ ಮುಚ್ಚಿ ಎಲ್ಲಾರೂ ಕೊಥ್ರೂಡಿಗೆ ಬರ್ರಿ ಅಂದ್ರು. ಸಂಜಿ ಕ್ಲಾಸ್ ಮುಗಿಸಿ ಹುಡುಗಿ ಮನಿ ಮುಟ್ಟೂದ್ರಾಗ ರಾತ್ರಿ ಹತ್ತೂವರಿ ಆಗ್ತದ, ಅದಕ್ಕ ಬಿಡಿಸಿದ್ವಿ. ಫೀ ವಾಪಸ್ ಕೇಳಿದ್ರ ಫಾರ್ಮ್ ತೋರಿಸ್ತಾರ. ಕಟ್ಟಿದ ಫೀ ಯಾವ ಕಾರಣಕ್ಕೂ ವಾಪಸ್ ಇಲ್ಲ, ಜಾಗ ಟೈಮು ಟೀಚರ್ ಯಾವಾಗ ಬೇಕಾದ್ರೂ ಬದಲಿಸ್ತೀವಿ, ನಡುವ ಬಿಟ್ರ 20,000 ದಂಡ, ತಕರಾರು ಇದ್ರ ದಿಲ್ಲಿದಾಗ ಆರ್ಬಿಟ್ರೇಷನ್, ಅಂದ್ರ ಕೋರ್ಟ್ ಬಿಟ್ಟು ಖಾಸಗಿ ಪಂಚರ ಮುಂದ ತೀರ್ಮಾನ. ನಾಕು ಕಂತು ಕಟ್ಟೀನಿ. ಸಹಿ ನಂದೇ ಐತಿ. ಏನೂ ಮಾಡಾಕ ಬರೂದಿಲ್ಲೇನ್ರಿ? ಕಂತು ಕಟ್ಟೂದು ಬಂದ್ ಮಾಡ್ಲಾ?

ಉತ್ತರ: ನಮಸ್ಕಾರ. ನಿಮ್ಮ ಕಡೇ ಪ್ರಶ್ನೆಗೆ ಮೊದ್ಲು ಉತ್ತರ ಹೇಳ್ಬಿಡ್ತೀನಿ, ಯಾಕಂದ್ರೆ ಮುಂದಿನ ಕಂತಿನ ತಾರೀಕು ಕಾಯಲ್ಲ. ಕಂತು ನಿಲ್ಲಿಸ್ಬೇಡಿ. ಕೋಚಿಂಗ್‌ನವ್ರ ಜೊತೆ ಆಗಿರೋ ಕರಾರು ಬೇರೆ, ಫೈನಾನ್ಸ್ ಕಂಪನಿ ಜೊತೆ ಆಗಿರೋ ಲೋನ್ ಬೇರೆ, ಇಬ್ರೂ ಒಂದೇ ಟೇಬಲ್ಲಿನ ಹಿಂದೆ ಕೂತು ಸಹಿ ಮಾಡಿಸ್ಕೊಂಡ್ರೂ ಕಾಗದದ ಮೇಲೆ ಅವು ಎರಡು ವ್ಯವಹಾರ. ನೀವು ಕಂತು ತಪ್ಪಿಸಿದ್ರೆ ಸಿಬಿಲ್ ಸ್ಕೋರ್, ಅಂದ್ರೆ ಸಾಲ ಸರಿಯಾಗಿ ತೀರಿಸ್ತೀರಾ ಅಂತ ತೋರಿಸೋ ಅಂಕ, ಬೀಳೋದು ನಿಮ್ದು, ರಿಕವರಿಯವ್ರ ಫೋನ್ ಬರೋದು ನಿಮಗೆ. ಕೋಚಿಂಗ್‌ನವ್ರಿಗೆ ಲೋನ್ ದುಡ್ಡು ಆವತ್ತೇ ಸೇರಿದೆ, ಅವ್ರಿಗೆ ಬಿಸಿ ತಟ್ಟಲ್ಲ. ಕಂತು ನಿಲ್ಲಿಸೋಕೆ ಕಾನೂನಿನ ದಾರಿ ಬೇರೆ ಇದೆ, ಮುಂದೆ ಹೇಳ್ತೀನಿ.

ಇನ್ನು ಸಹಿ ವಿಷಯ. ಈ ಒಂದು ಮಾತಿಂದ ಎಷ್ಟು ಜನ ಸುಮ್ನೆ ಮನೆಗೆ ಹೋಗಿಬಿಡ್ತಾರೆ ಅಂದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ. ಓದದೇ ಸಹಿ ಹಾಕಿದ್ದು ನಮ್ದೇ ತಪ್ಪು ಅಂತ ಅಂದ್ಕೊಳ್ತಾರೆ. ಆದ್ರೆ ಓದಿದ್ರೆ ತಾನೇ ಏನಾಗ್ತಿತ್ತು? ಆ ಫಾರ್ಮ್‌ನಲ್ಲಿ ಒಂದು ಸಾಲು ಹೊಡೆದುಹಾಕಿ ಕೊಡಿ ಅಂತ ಕೇಳಿದ್ರೆ ಕೌಂಟರ್‌ನಲ್ಲಿರೋ ಹುಡುಗಿಗೆ ಆ ಅಧಿಕಾರಾನೇ ಇರ್ತಿರ್ಲಿಲ್ಲ, ಬೇಕಿದ್ರೆ ತಗೊಳ್ಳಿ ಇಲ್ಲಾಂದ್ರೆ ಬಿಡಿ ಅಂತಿದ್ರು. ನಮ್ಮ ಸುಪ್ರೀಂ ಕೋರ್ಟ್ ಇದನ್ನ ಬಹಳ ಹಿಂದೇನೇ ಗುರುತಿಸಿದೆ. 1986ರ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಕೇಸಲ್ಲಿ, ಅದು ನೌಕರಿ ಕರಾರಿನ ಕೇಸು, ಆದ್ರೂ ತತ್ವ ಅದೇ, ಒಬ್ರ ಕೈ ತುಂಬಾ ಮೇಲೆ ಇನ್ನೊಬ್ರ ಕೈ ತುಂಬಾ ಕೆಳಗೆ ಇದ್ದು, ಕೆಳಗಿರೋರಿಗೆ ಅಚ್ಚು ಹಾಕಿದ ಫಾರ್ಮ್‌ಗೆ ಸಹಿ ಹಾಕೋದು ಬಿಟ್ಟು ಬೇರೆ ದಾರಿನೇ ಇಲ್ದಿದ್ದಾಗ, ಆ ಫಾರ್ಮ್‌ನಲ್ಲಿರೋ ವಿಪರೀತ ಅನ್ಯಾಯದ ಷರತ್ತನ್ನ ಕೋರ್ಟ್ ಎತ್ತಿ ಹಿಡಿಯಲ್ಲ ಅಂತ ಹೇಳಿತು.

ಆದ್ರೂ ಇಂಥ ಅನ್ಯಾಯದ ಕರಾರಿನ ಬಗ್ಗೆ ಗ್ರಾಹಕರಿಗೆ ಅಂತಾನೇ ಬರೆದ ನಿಯಮ ಬರೋಕೆ ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಕಾನೂನು ಆಯೋಗ 1984ರಲ್ಲೊಮ್ಮೆ, 2006ರಲ್ಲೊಮ್ಮೆ ಈ ವಿಷಯದ ಮೇಲೆ ವರದಿ ಕೊಟ್ಟಿತ್ತು. ಕೊನೆಗೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಬಂತು, 2020ರ ಜುಲೈ 20ರಿಂದ ಜಾರಿ ಆಯ್ತು, ಅದರ ಸೆಕ್ಷನ್ 2(46)ರಲ್ಲಿ ಅನುಚಿತ ಕರಾರು ಅಂದ್ರೆ ಏನು ಅಂತ ಮೊದಲ್ನೇ ಸಲ ಬರೆದರು. ಗ್ರಾಹಕನ ಹಕ್ಕಲ್ಲಿ ದೊಡ್ಡ ಏರುಪೇರು ಮಾಡೋ ಷರತ್ತು ಇರೋ ಕರಾರು ಅಂತ ಹೇಳಿ ಆರು ಥರ ಕೊಟ್ಟಿದ್ದಾರೆ. ವಿಪರೀತ ಡೆಪಾಸಿಟ್ ಕೇಳೋದು, ಹಿಂಜವಡಿ ಕಡೆ ಕೆಲವು ಪಿಜಿಗಳಲ್ಲಿ ಹುಡುಗರು ಇದನ್ನ ನೋಡಿರ್ತಾರೆ. ಆದ ನಷ್ಟಕ್ಕೂ ಹಾಕೋ ದಂಡಕ್ಕೂ ಸಂಬಂಧಾನೇ ಇಲ್ದಿರೋದು. ಸಲ್ಲಬೇಕಾದ ಚಾರ್ಜ್ ಕಟ್ಟಿ ಸಾಲ ಮುಂಚೆನೇ ತೀರಿಸ್ತೀನಿ ಅಂದ್ರೂ ಒಪ್ಪದೇ ಇರೋದು. ಸರಿಯಾದ ಕಾರಣ ಇಲ್ದೆ ಒಂದೇ ಕಡೆಯವ್ರು ಕರಾರು ಮುರಿಯೋ ಹಕ್ಕು ಇಟ್ಕೊಳ್ಳೋದು. ಗ್ರಾಹಕನ ಒಪ್ಪಿಗೆ ಇಲ್ದೆ, ಅವನಿಗೆ ತೊಂದ್ರೆ ಆಗೋ ಥರ ಕರಾರನ್ನ ಇನ್ನೊಬ್ರ ಹೆಸರಿಗೆ ದಾಟಿಸೋದು. ಆರನೇದು ಅಗಲವಾದ್ದು, ಗ್ರಾಹಕನನ್ನ ಕಷ್ಟಕ್ಕೆ ತಳ್ಳೋ ಯಾವುದೇ ಅಸಮಂಜಸ ಚಾರ್ಜು, ಹೊಣೆ, ಷರತ್ತು.

ನಿಮ್ಮ ಫಾರ್ಮ್‌ನಲ್ಲಿ ನೋಡಿ. 20,000 ದಂಡ ಎರಡನೇ ಥರಕ್ಕೆ ನೇರವಾಗಿ ಬೀಳುತ್ತೆ. ಜಾಗ, ಟೈಮು, ಟೀಚರ್ ಯಾವಾಗ ಬೇಕಾದ್ರೂ ಬದಲಾಯಿಸ್ತೀವಿ ಆದ್ರೆ ನೀವು ಬಿಟ್ರೆ ಒಂದು ಪೈಸೆ ಕೊಡಲ್ಲ ಅನ್ನೋದು ಆರನೇದಕ್ಕೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದ್ಬೇಕು, ಬಿಡಿಬಿಡಿಯಾಗಿ ಅಲ್ಲ. ಕ್ಲಾಸಿನ ಟೈಮ್ ಬದಲಾಯಿಸೋ ಹಕ್ಕು ಕೋಚಿಂಗ್‌ನವ್ರಿಗೆ ಇರೋದ್ರಲ್ಲಿ ತಪ್ಪೇನಿಲ್ಲ, ಅದು ಬೇಕಾಗುತ್ತೆ. ಆದ್ರೆ ಚಿಂಚವಡದಲ್ಲಿ ಕಲಿಸ್ತೀವಿ ಅಂತ ಫೀ ತಗೊಂಡು ಊರಿನ ಇನ್ನೊಂದು ತುದಿಗೆ ಎಬ್ಬಿಸೋ ಹಕ್ಕೂ ಅವ್ರಿಗೆ, ದುಡ್ಡು ಇಟ್ಕೊಳ್ಳೋ ಹಕ್ಕೂ ಅವ್ರಿಗೆ, ಹುಡುಗಿಗೆ ಹೋಗಿಬರೋ ಹೊಣೆ ಮಾತ್ರ, ಇದು ನಿಲ್ಲೋ ಮಾತಲ್ಲ.

ಈ ಥರ ತಕ್ಕಡಿ ಒಂದೇ ಕಡೆ ವಾಲಿರೋದನ್ನ ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ಪಯೋನಿಯರ್ ಅರ್ಬನ್ ಕೇಸಲ್ಲಿ ಚೆನ್ನಾಗಿ ಬಿಡಿಸಿ ಹೇಳಿದೆ. ಗುರುಗ್ರಾಮದ ಫ್ಲ್ಯಾಟ್ ಅದು. ಕೊಂಡವ್ರು ಕಂತು ತಡ ಮಾಡಿದ್ರೆ 18 ಪರ್ಸೆಂಟ್ ಬಡ್ಡಿ, ಬಿಲ್ಡರ್ ದುಡ್ಡು ವಾಪಸ್ ಕೊಡ್ಬೇಕಾಗಿ ಬಂದ್ರೆ 9 ಪರ್ಸೆಂಟ್. ಬಿಲ್ಡರ್ ಕಡೆಯವ್ರು ಇದೇ ವಾದ ಮಾಡಿದ್ರು, ಸಹಿ ಮಾಡಿದ್ದಾರಲ್ಲ ಅಂತ. ಕೋರ್ಟ್ ಒಪ್ಪಲಿಲ್ಲ. ಬಿಲ್ಡರ್ ಬರೆದ ಕರಾರಿಗೆ ಸಹಿ ಹಾಕೋದು ಬಿಟ್ಟು ಕೊಂಡವ್ರಿಗೆ ಬೇರೆ ದಾರಿ ಇರ್ಲಿಲ್ಲ ಅಂತ ಕಂಡಾಗ ಅದರಲ್ಲಿರೋ ಒನ್‌ಸೈಡ್ ಷರತ್ತು ಅವ್ರನ್ನ ಕಟ್ಟಿಹಾಕಲ್ಲ, ಅಂಥ ಷರತ್ತು ಹಾಕೋದೇ ಅನುಚಿತ ವ್ಯಾಪಾರ ಪದ್ಧತಿ ಅಂತು. ಇಲ್ಲಿ ಗಮನಿಸ್ಬೇಕಾದ್ದು, ಆ ತೀರ್ಪು ಬಂದಿದ್ದು ಹಳೇ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೆಳಗೆ, ಅನುಚಿತ ಕರಾರು ಅನ್ನೋ ಪ್ರತ್ಯೇಕ ವ್ಯಾಖ್ಯೆ ಆಗ ಇರ್ಲೇ ಇಲ್ಲ. ಇದು ನಿಮಗೆ ಯಾಕೆ ಮುಖ್ಯ ಅಂತ ಈಗ್ಲೇ ಬರ್ತೀನಿ.

ಎದುರಿನವ್ರ ವಕೀಲರು ಏನು ತರ್ತಾರೆ ಅಂತಾನೂ ಗೊತ್ತಿರ್ಲಿ. 1996ರಲ್ಲಿ ಒಂದು ಕೊರಿಯರ್ ಕೇಸಲ್ಲಿ, ಲಕೋಟೆ ಕಳೆದ್ರೆ 100 ಡಾಲರ್ ಮಾತ್ರ ಕೊಡ್ತೀವಿ ಅಂತ ರಸೀದಿಯಲ್ಲಿದ್ದ ಷರತ್ತನ್ನ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು, ಸಹಿ ಹಾಕಿದ್ಮೇಲೆ ಹಾಕಿದ್ದೇ ಅಂತ. ಆ ತೀರ್ಪು ಇನ್ನೂ ಓಡಾಡ್ತಾ ಇದೆ. ಅದಕ್ಕೇ ನಾನು ಹೇಳೋದು, ಷರತ್ತು ಕಠಿಣ ಇದೆ ಅನ್ನೋದಷ್ಟೇ ಸಾಲಲ್ಲ. ಆಯ್ಕೆ ಇರ್ಲಿಲ್ಲ, ಎರಡೂ ಕಡೆಗೆ ಒಂದೇ ಅಳತೆ ಇಲ್ಲ, ಆದ ನಷ್ಟಕ್ಕಿಂತ ಕಿತ್ಕೊಂಡಿದ್ದು ಜಾಸ್ತಿ, ಈ ಮೂರನ್ನ ತೋರಿಸ್ಬೇಕು. 2022ರಲ್ಲಿ ಟೆಕ್ಸ್ಕೊ ಮಾರ್ಕೆಟಿಂಗ್ ಅನ್ನೋ ಕೇಸಲ್ಲಿ ಬೇಸ್‌ಮೆಂಟ್‌ನಲ್ಲಿರೋ ಅಂಗಡಿ ಅಂತ ಗೊತ್ತಿದ್ದೂ ಇನ್ಶೂರೆನ್ಸ್ ಪ್ರೀಮಿಯಂ ತಗೊಂಡು, ಬೆಂಕಿ ಬಿದ್ಮೇಲೆ ಪಾಲಿಸಿಯಲ್ಲಿ ಬೇಸ್‌ಮೆಂಟ್ ಸೇರಲ್ಲ ಅಂದ್ರು. ಕರಾರಿನ ಉದ್ದೇಶವನ್ನೇ ಕೊಲ್ಲೋ ಷರತ್ತು ಅಂತ ಸುಪ್ರೀಂ ಕೋರ್ಟ್ ಅದನ್ನ ಬದಿಗಿಟ್ಟಿತು. ಚಿಂಚವಡದಲ್ಲಿ ಕಲಿಸೋಕೆ ಅಂತಾನೇ ಫೀ ತಗೊಂಡು ಚಿಂಚವಡದಲ್ಲಿ ಕಲಿಸ್ಲೇಬೇಕು ಅಂತೇನಿಲ್ಲ ಅನ್ನೋರಿಗೆ ಇದನ್ನ ತೋರಿಸ್ಬಹುದು.

ಈಗ ಎಲ್ಲಿಗೆ ಹೋಗ್ಬೇಕು ಅನ್ನೋದು. ಇಲ್ಲೇ ಬಹಳ ಜನ ಎಡವ್ತಾರೆ. 2019ರ ಕಾಯ್ದೆ ಪ್ರಕಾರ ಅನುಚಿತ ಕರಾರು ಅಂತಾನೇ ದೂರು ಹಾಕಿ, ಆ ಷರತ್ತು ರದ್ದು ಅಂತ ಘೋಷಣೆ ಬೇಕು ಅಂದ್ರೆ ಅದು ಜಿಲ್ಲಾ ಗ್ರಾಹಕ ಆಯೋಗದ ಕೆಲಸ ಅಲ್ಲ. ಕೊಟ್ಟ ಮೊತ್ತ 10 ಕೋಟಿ ತನಕ ಇದ್ರೆ ರಾಜ್ಯ ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ. ಅಂದ್ರೆ 12,000 ರೂಪಾಯಿ ಜಿಮ್ ಮೆಂಬರ್‌ಶಿಪ್‌ನ ಷರತ್ತು ರದ್ದು ಮಾಡಿಸೋಕೂ ಮಹಾರಾಷ್ಟ್ರದೋರು ರಾಜ್ಯ ಆಯೋಗಕ್ಕೆ ಹೋಗ್ಬೇಕು, ಗೋವಾದಲ್ಲಿ ಕಾಣಕೋಣದೋರಾದ್ರೂ ಪಣಜಿಗೆ ಹೋಗ್ಬೇಕು. ಇದು ನನಗೆ ಕಿಂಚಿತ್ತೂ ಸರಿ ಕಾಣಲ್ಲ. ಚಿಕ್ಕ ಚಿಕ್ಕ ದುಡ್ಡಿನ ಕರಾರಲ್ಲೇ ಇಂಥ ಷರತ್ತು ಜಾಸ್ತಿ ಇರೋದು, ಅದನ್ನ ಮುರಿಯೋ ಅಧಿಕಾರ ಮನೆ ಹತ್ರದ ಆಯೋಗಕ್ಕೆ ಕೊಡ್ಬೇಕಿತ್ತು.

ಆದ್ರೆ ನಿಮಗೆ ಬೇಕಿರೋದು ಘೋಷಣೆ ಅಲ್ಲ, ದುಡ್ಡು. ಅದಕ್ಕೆ ಪುಣೆ ಜಿಲ್ಲಾ ಆಯೋಗಾನೇ ಸಾಕು, ದೂರನ್ನ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಅಂತ ಬರೀಬೇಕು. ಒಪ್ಪಿದ ಜಾಗದಲ್ಲಿ ಸೇವೆ ನಿಲ್ಲಿಸಿದ್ದು ನ್ಯೂನತೆ. ಒನ್‌ಸೈಡ್ ಷರತ್ತು ತೋರಿಸಿ ದುಡ್ಡು ಹಿಡ್ಕೊಂಡಿದ್ದು ಅನುಚಿತ ವ್ಯಾಪಾರ ಪದ್ಧತಿ, ಪಯೋನಿಯರ್ ತೀರ್ಪು ಉಪಯೋಗಕ್ಕೆ ಬರೋದು ಇಲ್ಲೇ, ಯಾಕಂದ್ರೆ ಹೊಸ ವ್ಯಾಖ್ಯೆ ಇಲ್ದೇನೇ ಅದು ಈ ಮಾತು ಹೇಳಿದೆ. ಜಿಲ್ಲಾ ಆಯೋಗ 50 ಲಕ್ಷದ ತನಕದ ಕೇಸ್ ನೋಡುತ್ತೆ, 5 ಲಕ್ಷದ ತನಕ ಫೀಸೇ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲ್ ಮೇಲೆ ಹಾಕ್ಬಹುದು, ವಿಡಿಯೋ ಕಾನ್ಫರೆನ್ಸ್‌ನಲ್ಲಿ ವಿಚಾರಣೆಗೆ ಅವಕಾಶ ಕೇಳ್ಬಹುದು. ಶಿಫ್ಟ್ ಡ್ಯೂಟಿ ಮಾಡೋರಿಗೆ ಇದು ಸಣ್ಣ ಅನುಕೂಲ ಅಲ್ಲ.

ಕೋಚಿಂಗ್‌ನವ್ರು ನಾವು ಶಿಕ್ಷಣ ಸಂಸ್ಥೆ, ಗ್ರಾಹಕ ಕಾನೂನು ನಮಗೆ ಬರಲ್ಲ ಅಂತ ಹೇಳ್ಬಹುದು, ಹೇಳೇ ಹೇಳ್ತಾರೆ. 2020ರ ಜನವರಿಯಲ್ಲಿ ರಾಷ್ಟ್ರೀಯ ಆಯೋಗದ ದೊಡ್ಡ ಪೀಠ ಮನು ಸೋಲಂಕಿ ಕೇಸಲ್ಲಿ ಕಾಲೇಜುಗಳನ್ನ ಹೊರಗಿಟ್ಟಿದ್ದು ನಿಜ, ಆದ್ರೆ ಅದೇ ತೀರ್ಪಲ್ಲಿ ಕೋಚಿಂಗ್ ಕ್ಲಾಸು ಶಿಕ್ಷಣ ಸಂಸ್ಥೆ ಅಲ್ಲ, ಅವ್ರು ಕಾಯ್ದೆ ಒಳಗೆ ಬರ್ತಾರೆ ಅಂತ ಸ್ಪಷ್ಟವಾಗಿ ಹೇಳಿದೆ. ದಿಲ್ಲಿ ಆರ್ಬಿಟ್ರೇಷನ್‌ಗೂ ಹೆದರ್ಬೇಡಿ. ಆರ್ಬಿಟ್ರೇಷನ್ ಷರತ್ತು ಇದ್ರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚಲ್ಲ ಅಂತ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಮಾರ್ ಎಂಜಿಎಫ್ ಕೇಸಲ್ಲಿ ಹೇಳಿ ಆಗಿದೆ. ಜೊತೆಗೆ 2019ರ ಕಾಯ್ದೆ ಗ್ರಾಹಕ ತಾನು ವಾಸ ಮಾಡೋ ಜಾಗದಲ್ಲೇ ದೂರು ಹಾಕೋ ಹಕ್ಕು ಕೊಟ್ಟಿದೆ, ಫಾರ್ಮ್‌ನಲ್ಲಿ ದಿಲ್ಲಿ ಅಂತ ಬರ್ಕೊಂಡ್ರೆ ಆ ಹಕ್ಕು ಹೋಗಲ್ಲ.

ಎಷ್ಟು ಕೇಳ್ಬೇಕು? ಪೂರ್ತಿ 1,65,000 ಕೇಳ್ಬೇಡಿ, ಕೇಸ್ ದುರ್ಬಲ ಆಗುತ್ತೆ. ಮೂರು ತಿಂಗಳು ಮಗಳು ಕಲ್ತಿದ್ದಾಳೆ. 1,65,000ನ್ನ ಹನ್ನೆರಡಕ್ಕೆ ಭಾಗಿಸಿದ್ರೆ ತಿಂಗಳಿಗೆ 13,750, ಉಳಿದ ಒಂಬತ್ತು ತಿಂಗಳಿಗೆ 1,23,750. ಇದನ್ನ ಕೇಳಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ತಂದಿದೆ, ಪೂರ್ತಿ ಫೀ ಕಟ್ಟಿದ ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ರೆ ಉಳಿದ ಅವಧಿಯ ಫೀಯನ್ನ ಲೆಕ್ಕ ಹಾಕಿ 10 ದಿನದೊಳಗೆ ವಾಪಸ್ ಕೊಡ್ಬೇಕು ಅಂತ ಅದರಲ್ಲಿದೆ. ಅದು ರಾಜ್ಯಗಳಿಗೆ ಕೊಟ್ಟ ಮಾರ್ಗಸೂಚಿ, ತಾನಾಗೇ ಕಾನೂನು ಅಲ್ಲ, ಹಾಗಾಗಿ ಅದರ ಮೇಲೊಂದೇ ಕೇಸ್ ನಿಲ್ಲಿಸ್ಬೇಡಿ. ಆದ್ರೆ ನ್ಯಾಯವಾದ ಪದ್ಧತಿ ಯಾವುದು ಅಂತ ಆಯೋಗಕ್ಕೆ ತೋರಿಸೋಕೆ ಒಳ್ಳೇ ಆಧಾರ. ಪುಸ್ತಕ, ಟೆಸ್ಟ್ ಸೀರೀಸ್ ಅಂತ ಸ್ವಲ್ಪ ಕಡಿತ ಆಗ್ಬಹುದು, ಅದಕ್ಕೆ ಮನಸ್ಸು ಸಿದ್ಧ ಮಾಡ್ಕೊಳ್ಳಿ.

ದಂಡದ 20,000ಕ್ಕೆ 1872ರ ಕರಾರು ಕಾಯ್ದೆಯ ಸೆಕ್ಷನ್ 74 ಇದೆ. ಕರಾರಲ್ಲಿ ಎಷ್ಟೇ ದಂಡ ಬರೆದಿದ್ರೂ ಕೋರ್ಟ್ ಕೊಡೋದು ಸಮಂಜಸ ಪರಿಹಾರ ಮಾತ್ರ, ಬರೆದ ಮೊತ್ತ ಅದಕ್ಕೆ ಗರಿಷ್ಠ ಮಿತಿ ಅಷ್ಟೇ. 2015ರಲ್ಲಿ ಕೈಲಾಶ್ ನಾಥ್ ಕೇಸಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಮುಂಗಡ ಹಣ ಮುಟ್ಟುಗೋಲು ಹಾಕ್ಕೊಂಡಿತ್ತು, ಆ ಪ್ಲಾಟ್ ಆಮೇಲೆ ಹೆಚ್ಚಿನ ಬೆಲೆಗೆ ಹೋಗಿತ್ತು, ನಷ್ಟಾನೇ ಆಗ್ದಿದ್ಮೇಲೆ ಎಂಥ ಮುಟ್ಟುಗೋಲು ಅಂತ ಸುಪ್ರೀಂ ಕೋರ್ಟ್ ದುಡ್ಡು ವಾಪಸ್ ಕೊಡಿಸ್ತು. ನಿಮ್ಮ ಮಗಳು ಬಿಟ್ಟಿದ್ರಿಂದ ಚಿಂಚವಡದಲ್ಲಿ ಸೀಟು ಖಾಲಿ ಬಿತ್ತು ಅಂತ ಅವ್ರು ಹೇಳಕ್ಕಾಗಲ್ಲ, ಬ್ರಾಂಚ್ ಮುಚ್ಚಿದ್ದು ಅವ್ರೇ.

ಈಗ ಲೋನಿಗೆ ಬರೋಣ. ನಾಕು ಕಂತು 56,000 ಆಯ್ತು, ಇನ್ನೂ 84,000 ಬಾಕಿ. ಹಾಗಾಗಿ ದೂರಿನಲ್ಲಿ ಕೇಳೋ ರೀತಿ ಹೀಗಿರ್ಲಿ: 1,23,750ರಲ್ಲಿ ಬಾಕಿ 84,000ವನ್ನ ಕೋಚಿಂಗ್‌ನವ್ರೇ ನೇರವಾಗಿ ಫೈನಾನ್ಸ್ ಕಂಪನಿಗೆ ಕಟ್ಟಿ ಲೋನ್ ಮುಗಿಸ್ಬೇಕು, ಉಳಿದ 39,750 ನಿಮಗೆ ಕೊಡ್ಬೇಕು, ದೂರು ಹಾಕಿದ್ಮೇಲೆ ನೀವು ಕಟ್ಟೋ ಪ್ರತಿ ಕಂತೂ ನಿಮ್ಮ ಪಾಲಿಗೆ ಸೇರ್ಬೇಕು. ಫೈನಾನ್ಸ್ ಕಂಪನಿಯನ್ನ ಎರಡನೇ ಎದುರುದಾರರಾಗಿ ಸೇರಿಸಿ, ಇಲ್ಲಾಂದ್ರೆ ಆದೇಶ ಅವ್ರಿಗೆ ತಟ್ಟಲ್ಲ. ಕಂತು ನಿಲ್ಲಿಸೋ ದಾರಿ ಅಂದ್ನಲ್ಲ, ಅದು ಇದೇ, 2019ರ ಗ್ರಾಹಕ ಕಾಯ್ದೆಯ ಸೆಕ್ಷನ್ 38(8) ಕೆಳಗೆ ಮಧ್ಯಂತರ ಆದೇಶಕ್ಕೆ ಅರ್ಜಿ, ಕೇಸ್ ಮುಗಿಯೋ ತನಕ ವಸೂಲಿ ತಡೀರಿ, ಸಿಬಿಲ್‌ಗೆ ಬಾಕಿದಾರ ಅಂತ ಕಳಿಸ್ಬೇಡಿ ಅಂತ. ಸಿಕ್ಕೇ ಸಿಗುತ್ತೆ ಅಂತ ಭರವಸೆ ಕೊಡಲ್ಲ. ಕೋಚಿಂಗ್‌ನವ್ರೇ ಲೋನ್ ಮಾಡಿಸಿದ್ದು, ಅವ್ರ ಆಫೀಸಲ್ಲೇ ಸಹಿ ಆಗಿದ್ದು, ದುಡ್ಡು ನೇರ ಅವ್ರ ಖಾತೆಗೆ ಹೋಗಿದ್ದು, ಈ ಮೂರನ್ನ ಚೆನ್ನಾಗಿ ತೋರಿಸಿದ್ರೆ ಎರಡೂ ಒಂದೇ ಗಂಟಿನ ವ್ಯವಹಾರ ಅಂತ ಆಯೋಗಕ್ಕೆ ಕಾಣೋ ಸಾಧ್ಯತೆ ಜಾಸ್ತಿ.

ಲೋನ್ ಕೊಡುವಾಗ್ಲೇ ಏನಾದ್ರೂ ಮುಚ್ಚಿಟ್ಟಿದ್ರೆ, ಉದಾಹರಣೆಗೆ ಬಡ್ಡಿ ಮತ್ತೆ ಎಲ್ಲಾ ಚಾರ್ಜನ್ನ ಒಂದೇ ಕಡೆ ಹೇಳೋ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡ್ದೇ ಇದ್ರೆ, ಅದಕ್ಕೆ ಆರ್‌ಬಿಐ ಒಂಬುಡ್ಸ್‌ಮನ್, ಅಂದ್ರೆ ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲಿನ ದೂರು ಕೇಳೋ ಅಧಿಕಾರಿ, ಇದ್ದಾರೆ. ಮೊದ್ಲು ಕಂಪನಿಗೆ ಬರೆದು 30 ದಿನ ಕಾಯ್ಬೇಕು, ಆಮೇಲೆ ಅಲ್ಲಿಗೆ. ಒಂದು ಎಚ್ಚರಿಕೆ, ಅದೇ ವಿಷಯ ಆಯೋಗದ ಮುಂದೆ ಬಾಕಿ ಇದ್ರೆ ಒಂಬುಡ್ಸ್‌ಮನ್ ತಗೊಳ್ಳಲ್ಲ. ಯಾವುದು ಮೊದ್ಲು ಅಂತ ನೀವು ತೀರ್ಮಾನ ಮಾಡ್ಬೇಕು. ನಿಮ್ಮ ಜಗಳ ಮುಖ್ಯವಾಗಿ ಕೋಚಿಂಗ್‌ನವ್ರ ಮೇಲೆ, ಹಾಗಾಗಿ ನಾನಾದ್ರೆ ಆಯೋಗಕ್ಕೇ ಹೋಗ್ತೀನಿ.

ಸಾಕ್ಷಿ ಬಗ್ಗೆ. ಬ್ರಾಂಚ್ ಮುಚ್ತೀವಿ ಅಂತ ವಾಟ್ಸಾಪ್ ಮೆಸೇಜು ಬಂದಿದ್ರೆ ಅದೇ ನಿಮ್ಮ ಕೇಸಿನ ಬೆನ್ನೆಲುಬು, ಅದನ್ನ ಅಳಿಸ್ಬೇಡಿ, ಫೋನ್ ಬದಲಾಯಿಸೋ ಹಾಗಿದ್ರೂ ಹಳೇ ಫೋನ್ ಮಾರ್ಬೇಡಿ. ಸ್ಕ್ರೀನ್‌ಶಾಟ್ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್, ಅಂದ್ರೆ ಎಲೆಕ್ಟ್ರಾನಿಕ್ ದಾಖಲೆಯನ್ನ ದೃಢೀಕರಿಸೋ ಕಾಗದ, ಲಗತ್ತಿಸಿ, ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 65ಬಿ ಅಂತಿದ್ವಲ್ಲ, ಅದೇ. ಅಡ್ಮಿಷನ್ ಟೈಮಿನ ಪಾಂಪ್ಲೆಟ್‌ನಲ್ಲಿ ಚಿಂಚವಡ ಅಡ್ರೆಸ್ ಇದ್ರೆ ಬಂಗಾರ. ಸಹಿ ಹಾಕಿದ ಫಾರ್ಮ್‌ನ ಕಾಪಿ ನಿಮ್ಮ ಹತ್ರ ಇದ್ಯಾ? ಎಷ್ಟೋ ಜನರ ಹತ್ರ ಇರಲ್ಲ, ತೋರಿಸ್ತಾರೆ ಆದ್ರೆ ಕೊಡಲ್ಲ. ಈ ವಾರಾನೇ ಇಮೇಲ್ ಮಾಡಿ ಕಾಪಿ ಕೇಳಿ, ಕೊಡ್ದಿದ್ರೆ ಆ ಇಮೇಲೇ ಒಂದು ಸಾಕ್ಷಿ.

ಮುಂಬೈನಲ್ಲಿ ಹೋಟೆಲ್ ನಡೆಸೋ ನಮ್ಮವ್ರು ಇದನ್ನ ಓದಿ, ನಮ್ಮ ಬಿಲ್ಲಿಂಗ್ ಮಷೀನಿನ ಕರಾರಿಗೂ ಇದು ಬರುತ್ತಾ ಅಂತ ಕೇಳ್ಬಹುದು. ವ್ಯಾಪಾರಕ್ಕೆ ಅಂತ ಕೊಂಡಿದ್ದಕ್ಕೆ ಸಾಮಾನ್ಯವಾಗಿ ಈ ಕಾಯ್ದೆ ಬರಲ್ಲ, ಆದ್ರೆ ಸ್ವಂತ ಜೀವನೋಪಾಯಕ್ಕೆ ತಾನೇ ದುಡಿಯೋ ಸಣ್ಣ ಅಂಗಡಿಯವ್ರಿಗೆ ವಿನಾಯಿತಿ ಇದೆ. ಅದು ಬೇರೇನೇ ದೊಡ್ಡ ವಿಷಯ.

ನಿಮ್ಮ ಕ್ರಮ ಹೀಗಿರ್ಲಿ. ಮೊದ್ಲು ಇಬ್ರಿಗೂ ರಿಜಿಸ್ಟರ್ಡ್ ಪೋಸ್ಟಲ್ಲಿ ನೋಟಿಸ್, ಮೇಲಿನ ಲೆಕ್ಕ ಹಾಕಿ, 15 ದಿನ ಟೈಮ್ ಕೊಟ್ಟು. ಜೊತೆಗೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲು ಮಾಡಿ, ಅವ್ರು ಆದೇಶ ಕೊಡೋಕಾಗಲ್ಲ, ಆದ್ರೆ ಕಂಪನಿಗೆ ಕಳಿಸಿ ಉತ್ತರ ಕೇಳ್ತಾರೆ, ಎಷ್ಟೋ ಸಲ ಅಲ್ಲೇ ಇತ್ಯರ್ಥ ಆಗಿಬಿಡುತ್ತೆ. ಆಗ್ಲಿಲ್ಲಾಂದ್ರೆ ದೂರು. ಕಾಲಮಿತಿ ಎರಡು ವರ್ಷ, ಆದ್ರೆ ಅಷ್ಟು ಕಾಯೋಕೆ ಕಾರಣ ಇಲ್ಲ.

ನೋಟಿಸ್ ಹೋದ್ಮೇಲೆ ಕೋಚಿಂಗ್‌ನವ್ರು ಫೋನ್ ಮಾಡಿ, 40,000 ಕೊಡ್ತೀವಿ, ಈ ಪೇಪರ್‌ಗೆ ಸಹಿ ಹಾಕಿ ಅನ್ನೋ ಸಾಧ್ಯತೆ ಇದೆ. ಫುಲ್ ಆಂಡ್ ಫೈನಲ್ ಸೆಟಲ್‌ಮೆಂಟ್ ಅಂತ ಅದರಲ್ಲಿರುತ್ತೆ, ಲೋನಿನ ಮಾತೇ ಇರಲ್ಲ. ಆಗ 84,000 ನಿಮ್ಮ ತಲೆ ಮೇಲೇ ಉಳಿಯುತ್ತೆ. ರಾಜಿ ಮಾಡ್ಕೊಳ್ಳಿ, ಬೇಡ ಅನ್ನಲ್ಲ, ಆಯೋಗಾನೂ ಮಧ್ಯಸ್ಥಿಕೆಗೆ ಕಳಿಸುತ್ತೆ. ಆದ್ರೆ ಫೈನಾನ್ಸ್ ಕಂಪನಿಯಿಂದ ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂಸ್ ಸರ್ಟಿಫಿಕೇಟ್ ಬಂದು, ದುಡ್ಡು ಖಾತೆಗೆ ಬಿದ್ದ ಮೇಲೇನೇ ಆ ಪೇಪರ್ ಮುಟ್ಟಿ.

ಆದೇಶ ನಿಮ್ಮ ಕಡೆ ಬಂದ್ರೆ ಅವ್ರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಅಪೀಲು ಹೋಗ್ಬಹುದು, ಅದಕ್ಕೆ ಮುಂಚೆ ಆದೇಶದ ಮೊತ್ತದಲ್ಲಿ ಅರ್ಧ ಠೇವಣಿ ಇಡ್ಲೇಬೇಕು. ಅಪೀಲೂ ಇಲ್ಲ, ದುಡ್ಡೂ ಇಲ್ಲ ಅಂದ್ರೆ 2019ರ ಗ್ರಾಹಕ ಕಾಯ್ದೆಯ ಸೆಕ್ಷನ್ 71ರ ಕೆಳಗೆ ವಸೂಲಿ ಅರ್ಜಿ, ಸೆಕ್ಷನ್ 72ರ ಕೆಳಗೆ ಶಿಕ್ಷೆಯ ಅರ್ಜಿ ಹಾಕಿ. ಒಂದು ತಿಂಗಳಿಂದ ಮೂರು ವರ್ಷದ ತನಕ ಜೈಲು, ಇಲ್ಲವೇ 25,000ದಿಂದ 1 ಲಕ್ಷದ ತನಕ ದಂಡ, ಅಥವಾ ಎರಡೂ ಆಗ್ಬಹುದು.